ಇಂಜಿನ್ ಬಂದ್ ಮಾಡಿ ದಾಟಿದ ಗಡಿ

ನನ್ನ ಲಾರಿಗೆ ಪರ್ಮಿಟ್ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನನ್ನನ್ನು ಕಳ್ಳಸಾಗಣೆಯವನು ಅಂದವರೂ ಇದ್ದಾರೆ. ಎರಡನೇ ಮಹಾಯುದ್ಧದ ಲಡಾಯಿ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಮಿಲಿಟರಿ ಲಾರಿ ಅದು. ಜಿಲ್ಲೆಯೊಳಗೆ ಎಲ್ಲಿ ಬೇಕಾದರೂ ಮಾಲು ಸಾಗಿಸಬಹುದು ಎಂದು ಉರ್ದುವಿನಲ್ಲಿ ಬರೆದು ಮೊಹರು ಒತ್ತಿದ ಕಾಗದ ನನ್ನ ಬಳಿ ಇತ್ತು. ಯಾದಗಿರಿ ಸ್ಟೇಷನ್ನಿಗೆ ಶೇಂಗಾ ಒಯ್ಯಬಹುದು, ಶಹಾಪುರಕ್ಕೆ ಸೀಮೆಎಣ್ಣೆ ತರಬಹುದು, ಸುರಪುರ, ದೇವಾಪುರ, ಹುಣಸಗಿ ತನಕ ಹೋಗಬಹುದು. ಹುಣಸಗಿ ದಾಟಿ ಮುಂದೆ ಹೋದರೆ ಒಂದು ಸುಂಕದ ನಾಕಾ, ನಾಕಾದ ಆಚೆ ಒಂದು ಗಡಿಕಲ್ಲು. ಅಲ್ಲಿಗೆ ಹೈದರಾಬಾದು ಮುಗಿದು ಮುಂಬೈ ರಾಜ್ಯ ಶುರು. ಆ ಕಲ್ಲಿನ ಆಚೆ ನನ್ನ ಕಾಗದ ನಡೆಯುತ್ತಿರಲಿಲ್ಲ.

ಸಂವಿಧಾನ ಜಾರಿಯಾದ ಮೊದಲ ಬೇಸಿಗೆ ಅದು. ನಿಜಾಮರ ಆಡಳಿತ ಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಕಡೆ ಅದು ಇನ್ನೂ ಹೋಗುತ್ತಾ ಇತ್ತು, ಪೂರ್ತಿ ಹೋಗಿರಲಿಲ್ಲ. ರಾಜ್ಯದ ಮುಖ್ಯಸ್ಥರು, ಅಂದರೆ ರಾಜಪ್ರಮುಖರು, ಈಗಲೂ ಅವರೇ. ಪೇಟೆಯಲ್ಲಿ ನಿಜಾಮರ ನಾಣ್ಯವಾದ ಹಾಲಿ ರೂಪಾಯಿಯೇ ನಡೆಯುತ್ತಿತ್ತು. ಕಚೇರಿಗಳಲ್ಲಿ ಅದೇ ಉರ್ದು, ಅದೇ ಕುರ್ಚಿ, ಬಹಳಷ್ಟು ಕಡೆ ಕುರ್ಚಿಯ ಮೇಲಿನ ಮನುಷ್ಯನೂ ಅವನೇ. ಗಡಿಯ ನಾಕಾ ಕೂಡ ಇದ್ದಲ್ಲೇ ಇತ್ತು.

ಸಗರದಲ್ಲಿ ನಮ್ಮಕ್ಕನ ಎಲೆತೋಟವಿತ್ತು. ಭಾವ ತೀರಿಕೊಂಡ ಮೇಲೆ ಬಾವಿ, ಬಳ್ಳಿ, ಆಳು ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅಕ್ಕಪಕ್ಕದ ತೋಟದವರೂ ಅವಳ ಮಾತು ಕೇಳುತ್ತಿದ್ದರು. ವೀಳ್ಯದೆಲೆ ಬೇರೆ ಮಾಲಿನ ಹಾಗಲ್ಲ. ಬೆಳಗಿನ ತಂಪಿನಲ್ಲಿ ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು ಒಂದೊಂದೇ ಎಲೆ ಚಿವುಟಬೇಕು. ತೊಟ್ಟು ಒಂದೇ ಕಡೆ ಬರುವಂತೆ ಜೋಡಿಸಿ ಕಟ್ಟು ಕಟ್ಟಬೇಕು. ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಒತ್ತಾಗಿ ತುಂಬಿ ನೀರು ಚಿಮುಕಿಸಬೇಕು. ಗಾಳಿಯಾಡದೆ ಬುಟ್ಟಿ ನಿಂತಲ್ಲೇ ನಿಂತರೆ ಒಳಗೆ ತಾನಾಗಿಯೇ ಬಿಸಿ ಹುಟ್ಟುತ್ತದೆ. ಬಿಸಿ ಹಿಡಿದ ಎಲೆ ಹಳದಿಯಾಗಿ, ಆಮೇಲೆ ಕಪ್ಪಾಗಿ ತಿಪ್ಪೆಗೆ ಹೋಗುತ್ತದೆ.

ಈ ಎಲೆಗೆ ಒಳ್ಳೆಯ ಪೇಟೆ ಎಂದರೆ ಗಡಿಯಾಚೆಯ ತಾಳಿಕೋಟಿ. ಆದರೆ ಗಡಿ ದಾಟುವ ಪರ್ಮಿಟ್ ಇದ್ದದ್ದು ಒಬ್ಬ ಗುತ್ತೇದಾರನಿಗೆ ಮಾತ್ರ. ಅವನು ಬಾಡಿಗೆಗೆ ಲಾರಿ ಕೊಡುತ್ತಿರಲಿಲ್ಲ; ಎಲೆಯನ್ನು ತಾನೇ ಕೊಂಡು ತಾನೇ ಮಾರುತ್ತಿದ್ದ. ಅವನ ಆಳು ತೋಟಕ್ಕೆ ಬಂದು ಬುಟ್ಟಿಯೊಳಗೆ ಮೊಣಕೈ ತನಕ ಕೈ ಇಳಿಸಿ, ಕಲಸಿ, ದಾಗಿ ಅದ, ಕಲೆ ಬಿದ್ದದ ಎಂದು ಅರ್ಧಕ್ಕರ್ಧ ಹೊರಗೆ ಚೆಲ್ಲುತ್ತಿದ್ದ. ಚೆಲ್ಲಿದ ಅದೇ ಎಲೆಯನ್ನು ಸಂಜೆ ಬಂದು ಬಿಟ್ಟಿ ಬೆಲೆಗೆ ಎತ್ತಿಕೊಂಡು ಹೋಗುತ್ತಿದ್ದ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಮ್ಮನೆ ನಿಂತು ನೋಡುತ್ತಿದ್ದಳು. ಅವಳು ಸುಮ್ಮನಿರುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಮನೆ ಬಾಗಿಲಲ್ಲಿ ಲಾರಿ ನಿಲ್ಲಿಸಿಕೊಂಡ ತಮ್ಮ ಇದ್ದೂ ಅವಳ ಎಲೆಗೆ ದಾರಿಯಿಲ್ಲ ಎಂದರೆ ನಾನು ಇದ್ದೇನು ಪ್ರಯೋಜನ?

ಪರ್ಮಿಟ್ಟಿಗೆ ಅರ್ಜಿ ಹಾಕಿದೆ. ಜಿಲ್ಲೆಯ ಕಚೇರಿಯಲ್ಲಿ, ಮುಂಬೈ ಕಡೆಯವರು ತಮ್ಮ ತಕರಾರಿಲ್ಲ ಎಂದು ಬರೆದುಕೊಟ್ಟರೆ ನೋಡೋಣ ಅಂದರು. ಬಸ್ಸು ಹತ್ತಿ ಆ ಕಡೆಯ ಕಚೇರಿಗೆ ಹೋದೆ. ಅಲ್ಲಿಯವರು, ಮೊದಲು ನಿಮ್ಮ ಸರ್ಕಾರ ಕೊಡಲಿ, ಆಮೇಲೆ ನಮ್ಮ ಸಹಿ ಅಂದರು. ತಿರುಗಿ ಇಲ್ಲಿಗೆ ಬಂದರೆ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ. ಕ್ಯಾಂಪು ಮುಗಿಸಿ ಬಂದ ಸಾಹೇಬರು ನನ್ನ ಅರ್ಜಿಯನ್ನು ತಿರುವಿಹಾಕಿ, ಆ ರಸ್ತೆಗೆ ಈಗಾಗಲೇ ಒಂದು ಲಾರಿ ಇದೆಯಲ್ಲ, ಇನ್ನೊಂದರ ಜರೂರತ್ತು ಏನು ಎಂದು ಕೇಳಿದರು. ಜರೂರತ್ತು ಏನೆಂದು ಹೇಳುವುದಕ್ಕೇ ಅರ್ಜಿ ಬರೆದದ್ದು, ಓದಿ ನೋಡಿ ಅಂದೆ. ಹಾಗೆ ಹೇಳಬಾರದಿತ್ತಂತೆ. ಅರ್ಜಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಆಗ ಸುರಪುರದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಹೊಸ ಸಂವಿಧಾನವನ್ನು ತರಿಸಿಕೊಂಡಿದ್ದರು. ಭಾರತದ ಒಳಗೆಲ್ಲ ವ್ಯಾಪಾರ, ವಹಿವಾಟು, ಓಡಾಟ ಮುಕ್ತವಾಗಿರತಕ್ಕದ್ದು ಎಂಬ ಕಲಮನ್ನು ತೆಗೆದು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾನು ಕುರ್ಚಿಯಿಂದ ಎದ್ದೇ ನಿಂತೆ. ಇಷ್ಟು ದೊಡ್ಡ ಮಾತು ಬರೆದಿಟ್ಟು ಯಾರೂ ನನಗೆ ಹೇಳಿರಲಿಲ್ಲವಲ್ಲ ಎಂದು ಸಿಟ್ಟೂ ಬಂತು, ಸಂತೋಷವೂ ಆಯಿತು. ವಕೀಲರು ಕೈ ಎತ್ತಿ ನನ್ನನ್ನು ಕೂರಿಸಿದರು. ಮುಂದಿನ ಕಲಮುಗಳಲ್ಲಿ ಅದಕ್ಕೆ ನೂರೆಂಟು ಕಟ್ಟುಪಾಡುಗಳಿವೆ, ನಮ್ಮಂಥ ರಾಜ್ಯಗಳ ಸುಂಕದ ನಾಕಾಗಳಿಗೆ ಸದ್ಯಕ್ಕೆ ಮಾಫಿ ಇದೆ, ಲಾರಿ ಪರ್ಮಿಟ್ಟಿನ ಮಾತು ಮೇಲಿನ ಕೋರ್ಟಿನಲ್ಲೇ ತೀರ್ಮಾನವಾಗಬೇಕು ಅಂದರು.

"ದಾವಾ ಹೂಡೋಣ ಅಂದ್ರ ಹೂಡೋಣಪ್ಪ," ಅಂದರು. "ಆದ್ರ ಫೈಸಲಾ ಬರೂತನಕ ನಿಮ್ಮಕ್ಕನ ಎಲಿ ಹಸರ ಇರ್ತದೇನು?"

ಅಕ್ಕನಿಗೆ ಇಷ್ಟನ್ನೂ ಹೇಳಿದೆ. ಕಟ್ಟುಪಾಡುಗಳ ಮಾತನ್ನು ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದೆ ಅನ್ನಿ. ಅವಳು ನೆರೆಯ ತೋಟದವರನ್ನು ಕರೆಸಿ ಮಾತಾಡಿದಳು. ಮರುದಿನ ಗುತ್ತೇದಾರನ ಆಳು ಬಂದಾಗ ಬುಟ್ಟಿಗೆ ಕೈ ಹಾಕಗೊಡಲಿಲ್ಲ. ಅವನು, ಒಮ್ಮೆ ಬೇರೆ ಲಾರಿಗೆ ಏರಿಸಿದವರ ಎಲೆಯನ್ನು ಧಣಿ ಮತ್ತೆ ಮುಟ್ಟುವುದಿಲ್ಲ, ನೆನಪಿರಲಿ ಎಂದು ಹೇಳಿ ಹೋದ. ಅಂದರೆ ಈ ಒಂದು ಲೋಡು ತಾಳಿಕೋಟಿ ಮುಟ್ಟಲೇಬೇಕು. ಮುಟ್ಟದಿದ್ದರೆ ಅಷ್ಟೂ ತೋಟದವರು ಅವನ ಕಾಲಿಗೆ ಬೀಳಬೇಕು, ಎಲ್ಲರಿಗಿಂತ ಮೊದಲು ಅಕ್ಕ.

ನಸುಕಿನಲ್ಲಿ ಕೊಯ್ದು, ಬಿಸಿಲೇರುವ ಮೊದಲೇ ಲಾರಿಗೆ ಏರಿಸಿದೆವು. ಬುಟ್ಟಿಗಳ ನಡುವೆ ಗಾಳಿಯಾಡಲು ಬಿದಿರಿನ ಗಳ ಇಟ್ಟು, ಮೇಲೆ ಒದ್ದೆ ಗೋಣಿ ಹೊದೆಸಿದೆವು. ನನ್ನ ಜೊತೆ ಶಹಾಪುರದ ಫಿಟ್ಟರ್ ಚಾಚಾ ಇದ್ದರು. ಲಡಾಯಿಯಲ್ಲಿ ಇಂಥದೇ ಲಾರಿ ಓಡಿಸಿದವರು. ಇಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದರು. ಪೊಲೀಸ್ ಆಕ್ಷನ್ ಆಗಿ ಮುಸಲ್ಮಾನರು ಪೆಟ್ಟು ತಿಂದ ಗಲಾಟೆಯ ವರ್ಷ ಕಳೆದು ಬಹಳ ದಿನವಾಗಿರಲಿಲ್ಲ, ಆದ್ದರಿಂದ ನಾಕಾ, ಠಾಣೆ ಎಂದರೆ ಚಾಚಾ ಬಾಯಿ ಬಿಡುತ್ತಿರಲಿಲ್ಲ. ಅವರಿಗಾಗಿ ಮಾತಾಡುವ ಕೆಲಸವೂ ನನ್ನದೇ. ಅಕ್ಕ ನಾನೂ ಬರುತ್ತೇನೆ ಎಂದು ನೀರಿನ ಕೊಡ ಇಟ್ಟುಕೊಂಡು ಹಿಂದೆ ಬುಟ್ಟಿಗಳ ಜೊತೆ ಕುಳಿತಳು.

ನಾಕಾ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಮರದ ಕೆಳಗೆ ಹಗ್ಗದ ಹೊರಸಿನ ಮೇಲೆ ನಾಕೇದಾರ ಕುಳಿತಿದ್ದ. ಎಲೆಯ ಸುಂಕ ಎಷ್ಟೆಂದು ಕೇಳಿ ಚಕಾರವೆತ್ತದೆ ಕಟ್ಟಿದೆ, ರಸೀದಿ ತೆಗೆದುಕೊಂಡೆ. ಆಮೇಲೆ ಅವನು ಗಡಿ ಪರ್ಮಿಟ್ ಕೇಳಿದ. ಇಲ್ಲ ಅಂದೆ. ಹಾಗಾದರೆ ಲಾರಿ ತಿರುಗಿಸು ಅಂದ. ಈಗ ತಾನೇ ಎಲೆಗೆ ಸುಂಕ ತೆಗೆದುಕೊಂಡಿರಲ್ಲ ಅಂದೆ. ಅವನು ತಣ್ಣಗೆ, ಎಲೆ ಧಾರಾಳವಾಗಿ ಹೋಗಲಿ, ಲಾರಿ ಹೋಗುವಂತಿಲ್ಲ ಅಂದ.

ಎಲೆ ಹೋಗಬಹುದು, ಅಕ್ಕ ಹೋಗಬಹುದು, ನಾನೂ ಹೋಗಬಹುದು; ಎಲೆ ಹೊತ್ತ ಲಾರಿ ಮಾತ್ರ ಪರದೇಶಿ. ನನ್ನ ತಲೆ ಕೆಟ್ಟಿತು. ವಕೀಲರು ಹೇಳಿಕೊಟ್ಟ ಕಲಮನ್ನು ಗಟ್ಟಿಯಾಗಿ ಹೇಳಿದೆ. ಭಾರತ ಒಂದೇ ದೇಶ, ವ್ಯಾಪಾರ ಮುಕ್ತ, ನೀನು ಯಾರು ತಡೆಯುವವನು ಎಂದು ಕೂಗಾಡಿದೆ. ನಾಕೇದಾರ ಅಡಿಕೆ ಕತ್ತರಿಸುತ್ತಾ ಎಲ್ಲವನ್ನೂ ಕೇಳಿದ.

"ಆ ಕಿತಾಬಿನ ಸುದ್ದಿ ನಾನೂ ಕೇಳೀನಿ," ಅಂದ. "ಅದರಾಗ ನಿನ್ನ ಲಾರಿ ನಂಬರ್ ಅದ ಏನು? ಇಲ್ಲಂದ್ರ ನನಗ ಹೇಳಬ್ಯಾಡ. ಬಂಡ್ಯಾಗ ಹೇರಿಕೊಂಡು ಹೋಗು, ಬ್ಯಾಡ ಅನ್ನಂಗಿಲ್ಲ. ಎಂಜಿನ್ ಚಾಲೂ ಮಾಡಿ ಆ ಕಲ್ಲು ದಾಟಿದಿ ಅಂದ್ರ ಲಾರಿ ಜಪ್ತಿ ಮಾಡ್ತೀನಿ."

ಬಂಡಿ ಎಲ್ಲಿಂದ ತರುವುದು? ಪಕ್ಕದ ಊರಿನ ಬಂಡಿಗಳೆಲ್ಲ ಶೇಂಗಾ ಹೇರಿಕೊಂಡು ಯಾದಗಿರಿಗೆ ಹೋಗಿದ್ದವು. ಸಿಕ್ಕರೂ, ಆ ಬಿಸಿಲಿನಲ್ಲಿ ಬುಟ್ಟಿ ಇಳಿಸಿ ಮತ್ತೆ ಏರಿಸಿದರೆ ಎಲೆ ಅಲ್ಲೇ ಸಾಯುತ್ತದೆ. ಚಾಚಾ ಗೋಣಿ ಸರಿಸಿದರು. ಅಕ್ಕ ಕೆಳಸಾಲಿನ ಬುಟ್ಟಿಯೊಳಗೆ ಕೈ ಇಳಿಸಿ, ತೆಗೆದು, ಆ ಅಂಗೈಯನ್ನು ನನ್ನ ಕೆನ್ನೆಗೆ ಹಿಡಿದಳು. ಬೆಚ್ಚಗಿತ್ತು. ಆಮೇಲೆ ಕೊಡದಿಂದ ನೀರು ಚಿಮುಕಿಸತೊಡಗಿದಳು.

ರಸ್ತೆಯ ಪಕ್ಕದ ಎರೆಹೊಲದಲ್ಲಿ ದೊಡ್ಡ ನೇಗಿಲು ನಡೆದಿತ್ತು. ಕರಿಕೆ ಹುಲ್ಲು ಬೇರು ಬಿಟ್ಟ ಎರೆಹೊಲವನ್ನು ಒಂದು ಜೋಡಿ ಎತ್ತು ಕೆದಕಲಾರವು. ಊರವರು ಕೂಡಿಕೊಂಡು ಒಂದರ ಮುಂದೊಂದು ಜೋಡಿ ಹೂಡಿ, ಉದ್ದನೆಯ ಸರಪಳಿ ಹಾಕಿ ಎಳೆಸುತ್ತಾರೆ. ಅಲ್ಲಿ ಆರು ಜೋಡಿ ಎತ್ತುಗಳು ಸಾಲಾಗಿ ಬರುತ್ತಿದ್ದವು. ನಾನು ಆ ಸರಪಳಿಯನ್ನು ನೋಡಿದೆ. ನನ್ನ ಲಾರಿಯ ಮೂತಿಯಲ್ಲಿ ಮಿಲಿಟರಿಯವರು ಹಾಕಿದ್ದ ಎರಡು ಕೊಕ್ಕೆಗಳನ್ನು ನೋಡಿದೆ. ನಾಕೇದಾರ ಹೇಳಿದ್ದು ಇಂಜಿನ್ ಚಾಲೂ ಮಾಡಿದರೆ ಎಂದಲ್ಲವೇ? ಹೊಲಕ್ಕೆ ಓಡಿದೆ.

ಓಡಿದವನು ಮಾಡಿದ ಕೆಲಸ ಕೇಳಿ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಬದುವಿನ ಮೇಲೆ ನಿಂತು, ಎತ್ತು ಬಿಚ್ಚಿಕೊಂಡು ಬರ್ರಿ, ಲಾರಿ ಎಳೀಬೇಕು, ಜಲ್ದಿ ಎಂದು ಕೂಗಿದೆ. ನೇಗಿಲು ನಿಂತಿತು. ಅದರ ಹಿಂದಿದ್ದ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬಿಟ್ಟಿ ಬಂದ್ ಆತು ಅಂತ ಡಂಗುರ ಹೊಡಿಸ್ಯಾರ," ಅಂದ. "ನೀನೂ ಬಿಟ್ಟಿ ಕೇಳಾಕ ಬಂದಿಯೇನು?"

ನಮ್ಮ ಕಡೆಯವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಸಾಹೇಬರ ಸವಾರಿ ಬಂತೆಂದರೆ ಡೇರೆ, ಪೆಟ್ಟಿಗೆ, ಕೋಳಿ ಪಂಜರ ಎಲ್ಲವನ್ನೂ ಊರಿನ ಎತ್ತುಗಳೇ ಪುಕ್ಕಟೆ ಎಳೆದು ಸೀಮೆಯ ಕಲ್ಲಿನ ತನಕ ಮುಟ್ಟಿಸಬೇಕು. ಅಲ್ಲಿಂದ ಮುಂದಿನ ಊರಿನವರ ಪಾಳಿ. ಮುಂದಾಗಿ ಒಬ್ಬ ಓಡಿ ಹೋಗಿ ಪಾಳಿ ಬಂತು ಎಂದು ಸಾರಬೇಕು. ತಡವಾದರೆ ಬೈಗುಳ, ಏಟು. ಬಿಟ್ಟಿ ರದ್ದಾದ ಮೇಲೂ ಈ ನಾಕೇದಾರ ಬಾವಿಯ ಕಲ್ಲು, ಕಟ್ಟಿಗೆ ಎಲ್ಲವನ್ನೂ ಅದೇ ಎತ್ತುಗಳಿಂದ ತರಿಸಿಕೊಂಡಿದ್ದ ಎಂದು ಆಮೇಲೆ ತಿಳಿಯಿತು. ನಾನು ಕೂಗಿದ ರೀತಿ ಥೇಟ್ ಬಿಟ್ಟಿ ಕೇಳುವವರದೇ ಆಗಿತ್ತು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಅಕ್ಕ ಬಂದಳು. ಕೈಯಲ್ಲಿ ಒಂದು ಕಟ್ಟು ಎಲೆ, ಸೆರಗಿನಲ್ಲಿ ಅಡಿಕೆ. ನನ್ನನ್ನು ಪಕ್ಕಕ್ಕೆ ಸರಿಸಿ, ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದಳು. ಮುದುಕನಿಂದ ಹಿಡಿದು ಎತ್ತು ಹೊಡೆಯುವ ಕೊನೆಯವನ ತನಕ ಒಬ್ಬೊಬ್ಬರ ಮುಂದೆಯೂ ಎರಡೆಲೆ, ಒಂದಡಿಕೆ ಹಿಡಿದಳು, ಮದುವೆಗೆ ಕರೆಯುವ ಹಾಗೆ.

"ಬಿಟ್ಟಿ ಅಲ್ರಿ ಕಾಕಾ, ವೀಳ್ಯ ಕೊಡಾಕತ್ತೇನಿ," ಅಂದಳು. "ನಮ್ಮ ತ್ವಾಟದ ಎಲಿ ಇದು. ತಾಳಿಕೋಟಿ ಮುಟ್ಟಸಬೇಕು. ಒಲ್ಲೆ ಅನ್ನೋದಾದ್ರ ಎಲಿ ತಿಂದು ಒಲ್ಲೆ ಅನ್ರಿ, ಬ್ಯಾಸರಿಲ್ಲ."

ವೀಳ್ಯ ಹಿಡಿದವನು ಮಾತಿಗೆ ಒಪ್ಪಿದ ಹಾಗೆ. ಮುದುಕ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ, ತೊಡೆಗೆ ಒರೆಸಿದ, ತೊಟ್ಟು ಮುರಿದು ಬಾಯಿಗೆ ಹಾಕಿಕೊಂಡ. ನಾಕಾದ ಕಡೆ ಒಮ್ಮೆ ನೋಡಿ, ಸರಪಳಿ ಬಿಚ್ಚಲು ಹೇಳಿದ. ನೇಗಿಲು ಹಿಡಿಯುವ ಒಬ್ಬನನ್ನು ಕರೆದು, ಕಲ್ಲಿನಾಚೆಯ ಊರಿನ ಬೀಗರ ಮನೆಗೆ ಓಡಿಹೋಗಿ ಪಾಳಿ ಬಂತು ಎಂದು ಹೇಳು ಅಂದ. ಅವನು, ಕಲ್ಲಿನಾಚೆ ನಮ್ಮ ಪಾಳಿ ಎಂದೂ ಹೋಗಿಲ್ಲವಲ್ಲ ಅಂದ. ಮುದುಕ, ಹೋಗಿಲ್ಲ, ಇವತ್ತು ಹೋಗತದ ಅಂದ.

ಕೊಕ್ಕೆಗಳಿಗೆ ಸರಪಳಿ ಬಿಗಿದೆವು. ಚಾಚಾ ಗೇರು ಬಿಡಿಸಿ, ಕೈಬ್ರೇಕಿನ ಮೇಲೆ ಕೈಯಿಟ್ಟು ಸ್ಟೇರಿಂಗಿನ ಹಿಂದೆ ಕುಳಿತರು. ಕಷ್ಟವೆಲ್ಲ ಅವರ ಪಾಲಿಗೇ. ಏರಿನಲ್ಲಿ ಎತ್ತು ಎಳೆಯುತ್ತವೆ, ಇಳಿಜಾರಿನಲ್ಲಿ ಲಾರಿಯೇ ಎತ್ತಿನ ಮೇಲೆ ನುಗ್ಗುತ್ತದೆ. ಸರಪಳಿ ಸಡಿಲಾದ ಕೂಡಲೇ ಬ್ರೇಕು ಒತ್ತಬೇಕು, ಬಿಗಿಯಾದ ಕೂಡಲೇ ಬಿಡಬೇಕು. ಒಂದು ಗಳಿಗೆ ಮರೆತರೆ ಹಿಂದಿನ ಜೋಡಿಯ ಕಾಲು ಮುರಿಯುತ್ತದೆ. ನಾನು ಸರಪಳಿಯ ಪಕ್ಕದಲ್ಲಿ ನಡೆಯುತ್ತಾ ಕೈಸನ್ನೆ ಮಾಡಬೇಕು. ಮೊದಲ ಎಳೆತಕ್ಕೆ ಲಾರಿ ಅಲುಗಲಿಲ್ಲ. ಮುದುಕ ಎತ್ತುಗಳನ್ನು ಹೆಸರು ಹಿಡಿದು ಕರೆದ. ಎರಡನೆಯ ಎಳೆತಕ್ಕೆ ಗಾಲಿ ಉರುಳಿತು.

ನಾಕೇದಾರ ಹೊರಸಿನಿಂದ ಎದ್ದು ರಸ್ತೆಗೆ ಬಂದ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಇಂಜಿನ್ ಆಗಲೇ ತಣ್ಣಗಾಗತೊಡಗಿತ್ತು. ಕೊನೆಗೆ ಮುದುಕನನ್ನು ಹೆಸರು ಹಿಡಿದು ಕೂಗಿ, ಎತ್ತು ನಿಲ್ಲಿಸು ಎಂದು ಗದರಿಸಿದ. ಬಾಯಲ್ಲಿ ಎಲೆಯಿದ್ದ ಮುದುಕ ಎತ್ತು ಹೊಡೆಯುತ್ತಲೇ ನಡೆದ. ಗಡಿಕಲ್ಲು ನಮ್ಮ ಬಲಕ್ಕೆ ಬಂತು, ಹಿಂದಾಯಿತು. ನಾನು ತಿರುಗಿ ನಿಂತು ಮತ್ತೊಮ್ಮೆ ಆ ಕಲಮನ್ನು ಗಟ್ಟಿಯಾಗಿ ಹೇಳಿದೆ. ಅಕ್ಕ ಮೇಲಿನಿಂದ, ಸಾಕು, ಸರಪಳಿ ನೋಡು ಎಂದು ಬೈದಳು.

ಗಡಿ ದಾಟಿದ ಮೇಲೆ ಇಂಜಿನ್ ಚಾಲೂ ಮಾಡಿ ಹೊರಟುಬಿಡೋಣ ಎಂದುಕೊಂಡಿದ್ದೆ. ಆಚೆಯ ಚೌಕಿಯ ಪೊಲೀಸ ಲಾಠಿ ಅಡ್ಡ ಹಿಡಿದ. ಮುಂಬೈ ರಾಜ್ಯದ ಪರ್ಮಿಟ್ ಎಲ್ಲಿ? ಅದೂ ಇಲ್ಲ. ಹಾಗಾದರೆ ಈ ರಸ್ತೆಯಲ್ಲಿ ಇಂಜಿನ್ ಓಡಿಸುವಂತಿಲ್ಲ ಅಂದ. ಅದೇ ಮಾತು, ಭಾಷೆ ಮಾತ್ರ ಮರಾಠಿ! ಸಂವಿಧಾನ ಇಡೀ ದೇಶಕ್ಕೆ ಹೇಳಿದ ಮಾತನ್ನು ಗಡಿಯ ಎರಡೂ ಕಡೆ ಒಬ್ಬನೂ ಕೇಳಿಸಿಕೊಂಡಿರಲಿಲ್ಲ. ನಾನು ಮತ್ತೆ ಬಾಯಿ ತೆಗೆಯುವ ಮೊದಲೇ ಎದುರಿನಿಂದ ಧೂಳೆದ್ದಿತು. ಮುದುಕನ ಬೀಗರು ತಮ್ಮ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಅವರ ಸೀಮೆಯಲ್ಲಿ ನಮ್ಮ ಹಾಗೆ ಪಾಳಿಯ ರೂಢಿ ಇರಲಿಲ್ಲ. ಬೀಗತನ ಮಾತ್ರ ಗೊತ್ತಿತ್ತು. ಅಕ್ಕ ಲಾರಿಯಿಂದ ಇಳಿದು ಅವರಿಗೂ ವೀಳ್ಯ ಹಿಡಿದಳು. ಪೊಲೀಸನಿಗೂ ಎರಡೆಲೆ ಕೊಟ್ಟಳು, ಅವನು ತೆಗೆದುಕೊಂಡ.

ಮುಂದಿನ ಊರಿನ ಹಳ್ಳದ ಮರಳಿನಲ್ಲಿ ಗಾಲಿ ಹೂತುಕೊಂಡಾಗ ಹೆಂಗಸರೂ ಬಂದು ಜೋಳದ ದಂಟು ಹಾಸಿಕೊಟ್ಟರು. ಬೀಗರಿಂದ ಬೀಗರಿಗೆ ಸುದ್ದಿ ಹೋಗಿ ಊರಿಂದೂರಿಗೆ ಎತ್ತು ಬದಲಾದವು. ತಾಳಿಕೋಟಿ ಪೇಟೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಎತ್ತು ಎಳೆಯುವ ಲಾರಿ ನೋಡಲು ಜನ ಸೇರಿದರು, ನಕ್ಕರು. ಎಲೆ ವ್ಯಾಪಾರಿ ಬುಟ್ಟಿ ಬಿಚ್ಚಿದ. ಕೆಳಸಾಲು ಪೂರ್ತಿ ಕಪ್ಪಾಗಿತ್ತು. ಮೇಲಿನದೆಲ್ಲ ಹಸಿರಾಗಿ, ಗರಿಗರಿಯಾಗಿ ಇತ್ತು. ಅವನು ಒಂದೆಲೆ ಮುರಿದು ವಾಸನೆ ನೋಡಿ, ವಾರ ವಾರ ತರುತ್ತೀರಾ ಎಂದು ಅಕ್ಕನನ್ನು ಕೇಳಿದ. ಅಕ್ಕ ತರುತ್ತೇವೆ ಅಂದಳು. ಆಮೇಲೆ ಲಾರಿಯ ಮರೆಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಕಪ್ಪಾದ ಎಲೆಗಳ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಾಕೇದಾರ ವರದಿ ಬರೆದ. ಕಾನೂನನ್ನು ಅಪಹಾಸ್ಯ ಮಾಡಿದ್ದಕ್ಕಾಗಿ ನನಗಿದ್ದ ಜಿಲ್ಲೆಯ ಪರ್ಮಿಟ್ಟನ್ನೂ ಅಮಾನತ್ತಿನಲ್ಲಿಟ್ಟರು. ಕಾನೂನು ನಮ್ಮನ್ನು ಅಷ್ಟು ವರ್ಷ ಅಪಹಾಸ್ಯ ಮಾಡಿದ್ದನ್ನು ಯಾರು ವರದಿ ಮಾಡಬೇಕು? ಎತ್ತುಗಳೇ ಗಡಿಯ ತನಕ ತಿರುಗಿ ಎಳೆದು ತಂದಿದ್ದ ಲಾರಿ ಶಹಾಪುರದಲ್ಲಿ ಚಾಚಾರ ಕಾರ್ಖಾನೆಯ ಮುಂದೆ ನಿಂತಿತು, ಅದರ ನೆರಳಿನಲ್ಲಿ ನಾಯಿಗಳು ಮಲಗಿದವು. ಆದರೆ ಎಲೆ ನಿಲ್ಲಲಿಲ್ಲ. ಸಗರದಿಂದ ರಾತ್ರಿಯ ತಂಪಿನಲ್ಲಿ ಬಂಡಿ ಹೊರಟರೆ, ಸೀಮೆ ಸೀಮೆಗೆ ಹೊಸ ಎತ್ತು ಕಾದಿರುತ್ತಿದ್ದವು. ಸಾಹೇಬರಿಗಾಗಿ ಹುಟ್ಟಿದ ಪಾಳಿ ಎಲೆಗಾಗಿ ನಡೆಯಿತು. ಎಳೆದವರಿಗೆಲ್ಲ ಬಾಡಿಗೆ ಸಲ್ಲುತ್ತಿತ್ತು. ಗುತ್ತೇದಾರನ ಆಳು ಮತ್ತೆ ಬಂದ. ಈ ಸಲ ಬುಟ್ಟಿಯೊಳಗೆ ಕೈ ಇಳಿಸದೆ ದರ ಕೇಳಿದ.

ಮರುವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಪರ್ಮಿಟ್ ಬಂತು, ಗಡಿ ದಾಟುವ ಪರ್ಮಿಟ್. ಯಾಕೆ ಕೊಟ್ಟರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಹಿಡಿದು ಸಗರಕ್ಕೆ ಓಡಿದೆ. ನಾಳೆಯಿಂದ ಎಲೆ ಲಾರಿಯಲ್ಲೇ ಎಂದು ಅಂಗಳದಿಂದಲೇ ಕೂಗಿದೆ. ಅಕ್ಕ ಎಲೆ ಜೋಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಸರ್ಕಾರದ್ದು ಆತು," ಅಂದವಳೇ ಒಂದು ಕಟ್ಟು ಎಲೆ ತೆಗೆದು ನನ್ನ ಕೈಗಿಟ್ಟಳು. "ಎತ್ತಿನವ್ರದು ತಗೊಂಡು ಬಾ. ಅವರು ಹೂಂ ಅಂದ್ರ ಏರಸ್ತೀನಿ. ಕೂಗಬ್ಯಾಡ, ಕೇಳು."

ಮೈಯೆಲ್ಲ ಉರಿಯಿತು. ಎರಡು ಸರ್ಕಾರಗಳ ಬಾಗಿಲು ಬಡಿದು ತಂದ ಕಾಗದ ಅದು. ಆದರೂ ಹೋದೆ. ಪಾಳಿಯ ಪ್ರತಿ ಊರಿನಲ್ಲೂ ಚಪ್ಪಲಿ ಬಿಟ್ಟು ವೀಳ್ಯ ಹಿಡಿದು ಕೇಳಿದೆ. ಕೊನೆಗೆ ಗಡಿಯ ಮುದುಕನ ಹೊಲ. ಅವನು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ತೊಡೆಗೆ ಒರೆಸಿ, ಬಾಯಿಗೆ ಹಾಕಿಕೊಂಡ.

"ಹೋಗು, ನಮ್ಮ ಎತ್ತಿಗೂ ಹೊಲದ ಕೆಲಸ ಅದ," ಅಂದ. "ಆದ್ರ ಆ ಕಲ್ಲಿನ ಹಂತ್ಯಾಕ ಬಂದಾಗ ಒಮ್ಮಿ ಎಂಜಿನ್ ಬಂದ್ ಮಾಡು. ಎತ್ತು ಬೆದರ್ತಾವ."

ನಾಕಾ ಕಿತ್ತುಹಾಕಿ ಬಹಳ ಕಾಲವಾಯಿತು. ಮುದುಕನೂ ಇಲ್ಲ, ಆ ಹೊಲದಲ್ಲಿ ಎತ್ತೂ ಇಲ್ಲ. ಸರ್ಕಾರ ಹೇಳಿದ್ದಕ್ಕೆ ನಾನು ಅಲ್ಲಿ ಎಂದೂ ಮನಸ್ಸಿನಿಂದ ಲಾರಿ ನಿಲ್ಲಿಸಿದವನಲ್ಲ. ಮುದುಕ ಹೇಳಿದ್ದಕ್ಕೆ, ಲಾರಿ ಓಡಿಸಿದಷ್ಟು ದಿನವೂ ಆ ಕಲ್ಲಿನ ಹತ್ತಿರ ಇಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಮುಂದೆ ಹೋದೆ.